ಕ್ರಿಯಾಟಿನಿನ್ ಬಿಡ್ರಿ, ನಿದ್ದೆ ಬಂತಾ ಕೇಳ್ರಿ

ನಮಸ್ಕಾರ ರೀ. ಹಿಂದೆ ಫ್ಯಾನ್ ಸದ್ದು ಕೇಳಿಸ್ತಿದ್ರೆ ಸಹಿಸಿಕೊಳ್ಳಿ. ಮೇ ತಿಂಗಳಲ್ಲಿ ಕಲಬುರಗಿಯಲ್ಲಿ ಫ್ಯಾನ್ ಬಂದ್ ಮಾಡಿ ಮಾತಾಡುವಷ್ಟು ಧೈರ್ಯ ನನಗಿಲ್ಲ.

ಹೋದ ವಿಡಿಯೊದಲ್ಲಿ ನಮ್ಮ ಕಾಕಾ ಬಗ್ಗೆ ಹೇಳಿದ್ದೆ. ಕಿಡ್ನಿ ಕೆಟ್ಟಿದೆ; ವಾರಕ್ಕೆ 3 ಸಲ ಡಯಾಲಿಸಿಸ್, ಅಂದ್ರೆ ಮಶೀನಿನಿಂದ ರಕ್ತ ಶುದ್ಧಿ, ಸಲಕ್ಕೆ 4 ತಾಸು. ಕಿಡ್ನಿ ಹೊರಹಾಕಬೇಕಾದ ಕ್ರಿಯಾಟಿನಿನ್ ಅನ್ನೋ ಕಸ ರಕ್ತದಲ್ಲಿ ಎಷ್ಟಿದೆ ಅಂತ ಟೆಸ್ಟ್ ಮಾಡಿ ನೋಡ್ತಾರೆ. ಅದಕ್ಕೊಬ್ಬರು ಕಾಮೆಂಟ್ ಹಾಕಿದ್ದಾರೆ: "ಕ್ರಿಯಾಟಿನಿನ್ ಇಳಿದದ ಅಂತ ನೀವೇ ಹೇಳ್ತೀರಿ, ಮತ್ತೇನು ಗೋಳು?"

ಗೋಳು! ರಾತ್ರಿ ಎರಡಕ್ಕೆ ಎದ್ದು ಬಾಚಣಿಗೆಯಿಂದ ಬೆನ್ನು ಕೆರೆದುಕೊಳ್ಳುವುದು ಯಾವ ರಿಪೋರ್ಟಿನಲ್ಲಿ ಬರುತ್ತದೆ? ಮೈಮೇಲೆ ಒಂದು ಗುಳ್ಳೆ ಇಲ್ಲ, ಆದ್ರೂ ಕಡಿತ. ಮಲಗಿದರೆ ಸಾಕು, ಕಾಲು ಸುಮ್ನೆ ಇರಲ್ಲ, ಆಡಿಸ್ತಾನೇ ಇರಬೇಕು. ಊಟಕ್ಕೆ ಕೂತರೆ ಬಾಯಲ್ಲಿ ಕಬ್ಬಿಣ ನೆಕ್ಕಿದ ರುಚಿ. ನೋಡೋಕೆ ಬಂದವರು ಮಾತ್ರ ಕ್ರಿಕೆಟ್ ಸ್ಕೋರ್ ಕೇಳಿದ ಹಾಗೆ "ಎಷ್ಟೈತ್ರಿ?" ಡಯಾಲಿಸಿಸ್ ಆದ ಮೇಲೆ ಆ ನಂಬರ್ ಇಳಿಯುತ್ತದೆ, ಮುಂದಿನ ಸಲದೊಳಗೆ ಮತ್ತೆ ಏರುತ್ತದೆ. ನಿದ್ದೆ ಬಂತಾ ಕೇಳ್ರಿ!

ಇನ್ನೊಬ್ಬರು: "ಸ್ವಲ್ಪ ವಾಕಿಂಗ್ ಮಾಡಿಸಿ, ಸೋಮಾರಿತನ ಹೋಗ್ತದೆ." ಭಲೇ ಗುರುಗಳೇ. ರಕ್ತ ಹುಟ್ಟಿಸು ಅಂತ ಮೂಳೆಗೆ ಹೇಳುವ ಎರಿಥ್ರೊಪೊಯೆಟಿನ್ ತಯಾರಾಗುವುದೇ ಕಿಡ್ನಿಯಲ್ಲಿ. ಅದು ಕೆಟ್ಟರೆ ರಕ್ತ ಕಮ್ಮಿ, ಮೆಟ್ಟಿಲು ಹತ್ತಿದರೆ ಏದುಸಿರು. ಸೋಮಾರಿತನವಂತೆ! ಮತ್ತೊಬ್ಬರು ಎಳನೀರು ಹಿಡ್ಕೊಂಡು ಬಂದರು. ಅದರಲ್ಲಿ ಪೊಟ್ಯಾಸಿಯಂ ಜಾಸ್ತಿ, ರಕ್ತದಲ್ಲಿ ಅದು ಏರಿದರೆ ಹೃದಯ ನಿಲ್ಲಬಹುದು ಅಂದೆ. "ನ್ಯಾಚುರಲ್ ಅಲ್ವಾ?" ಅಂದರು. ಹಾವಿನ ವಿಷವೂ ನ್ಯಾಚುರಲ್ಲೇ.

ತೊಗರಿ ನಾಡಲ್ಲಿ ಹುಟ್ಟಿದ ಮನುಷ್ಯ ಬೇಳೆ ಅಳೆದು ತಿನ್ನುತ್ತಾನೆ. ಹೊರಗೆ 42 ಡಿಗ್ರಿ, ಒಳಗೆ ಇಷ್ಟೇ ಕುಡಿಯಬೇಕು ಅಂತ ನೀರಿನ ಬಾಟಲಿಗೆ ಗೆರೆ. ಅವರನ್ನು ಕೇಳಬೇಕಾದ್ದು ನಂಬರಾ?

"ಡಾಕ್ಟರಿಗೆ ಟೈಮ್ ಇರಲ್ಲ" ಅಂತೀರಿ. ಕಿಡ್ನಿ ರೋಗಿಗಳು ಹೇಗಿದ್ದಾರೆ ಅಂತ ಕೇಳೋಕೆ ಕೆಡಿಕ್ಯೂಒಎಲ್-36 ಅಂತ 36 ಪ್ರಶ್ನೆಗಳ ಪಟ್ಟಿಯೇ ಇದೆ. ಕಡಿತ, ಸ್ನಾಯು ಸೆಳೆತ, ಹಸಿವು, ಸುಸ್ತು ಎಲ್ಲ ಅದರಲ್ಲಿದೆ. 36 ಜಾಸ್ತಿಯಾದರೆ ಒಂದು ಕೇಳಿ. "ಕಡಿತ ಇದೆಯಾ?" ಅನ್ನೋಕೆ "ನೆಕ್ಸ್ಟ್" ಅನ್ನೋದಕ್ಕಿಂತ ಎಷ್ಟು ಜಾಸ್ತಿ ಟೈಮ್ ಬೇಕು?

ಹಾಂ, ನಮ್ಮ ಕಾಕಾನೂ ಕಮ್ಮಿ ಇಲ್ಲ. ಡಾಕ್ಟರ್ ಮುಂದೆ ಕೂತರೆ "ಆರಾಮ ಇದ್ದೀನ್ರಿ". ಮೊನ್ನೆ ಕಾಕಿ ಪಕ್ಕದಲ್ಲಿ ನಿಂತು ಎಲ್ಲ ಒದರಿಬಿಟ್ಟರು. ಕಡಿತಕ್ಕೆ ಗುಳಿಗೆ ಬದಲಾಯಿತು. ಈಗ ನಾಲ್ಕು ತಾಸು ಮಲಗ್ತಾರೆ. ನಾಲ್ಕು ತಾಸು, ಕಾಮೆಂಟ್ ಸಾಹೇಬ್ರೇ!

ಆದ್ದರಿಂದ ನಿದ್ದೆ ಕೇಳ್ರಿ. ಯಾಕೆ ಅಂದ್ರೆ... ಅರೆ, ಕೇಳ್ರಿ ಅಂದ್ರೆ ಕೇಳ್ರಿ! ಚಾನೆಲ್ ಸಬ್‌ಸ್ಕ್ರೈಬ್ ಮಾಡಿ, ಮಾಡಿದವರು ಮನೆಯವರ ಫೋನಿನಲ್ಲೂ ಮಾಡಿ. ತಡೀರಿ, ಕಾಕಾ ಕರೀತಿದ್ದಾರೆ, ಐಸ್ ತುಂಡು ಬೇಕಂತೆ. ಅದೂ ನೀರೇ ಕಾಕಾ, ಲೆಕ್ಕಕ್ಕೆ ಬರ್ತದೆ. ಆಯ್ತು, ಒಂದೇ ತರ್ತೀನಿ.