ಏಯಾ ಗ್ರಹಕ್ಕೆ ಕ್ಲಿಪ್ ಬಂದದ್ದು ಹೇಗೆ?

ನಮಸ್ಕಾರ. ‘ಮಾಸ್ ಎಫೆಕ್ಟ್’ ಅಂದರೆ ಬಯೋವೇರ್ ಕಂಪನಿಯ ಬಾಹ್ಯಾಕಾಶ ಸಾಹಸದ ವಿಡಿಯೋ ಗೇಮ್ ಸರಣಿ ಅಂತ ಈ ಸಭೆಗೆ ವಿವರಿಸಬೇಕಿಲ್ಲ. ಅದರ ನಾಯಕ ಶೆಪರ್ಡ್‌ನ ಹೆಸರು ಹೇಳಿದಾಗಲೇ ಹಿಂದಿನ ಸಾಲಿನಲ್ಲಿ ಚಪ್ಪಾಳೆ ಬಿತ್ತು. ಹಾಗಾಗಿ ನೇರವಾಗಿ ಬಂದೂಕಿಗೆ ಬರುತ್ತೇನೆ.

2007ರ ಮೊದಲ ಆಟದಲ್ಲಿ ಗುಂಡು ಮುಗಿಯುವ ಪ್ರಶ್ನೆಯೇ ಇರಲಿಲ್ಲ. ಬಂದೂಕಿನೊಳಗೆ ಒಂದು ಲೋಹದ ಗಟ್ಟಿ. ಪ್ರತಿ ಸಲ ಕುದುರೆ ಎಳೆದಾಗ ಅದರಿಂದ ಮರಳಿನ ಕಾಳಿನಷ್ಟು ಚೂರು ಕತ್ತರಿಸಿಕೊಳ್ಳುತ್ತದೆ, ಅದರ ತೂಕ ಇಳಿಸಿ ಭಯಂಕರ ವೇಗದಲ್ಲಿ ಚಿಮ್ಮಿಸುತ್ತದೆ. ಒಂದು ಗಟ್ಟಿಯಲ್ಲಿ ಸಾವಿರಾರು ಹೊಡೆತ. ಮಿತಿ ಇದ್ದದ್ದು ಬಿಸಿಗೆ ಮಾತ್ರ. ಬಿಸಿ ತೋರಿಸುವ ಪಟ್ಟಿ ತುಂಬಿದರೆ ಬಂದೂಕು ಕಿರುಚಿ ನಿಲ್ಲುತ್ತದೆ; ಕಾಯಬೇಕು. ಆಟದೊಳಗಿನ ವಿಶ್ವಕೋಶ ‘ಕೋಡೆಕ್ಸ್’ ಇದನ್ನೆಲ್ಲ ಶ್ರದ್ಧೆಯಿಂದ ಬರೆದಿಟ್ಟಿತ್ತು, ಅಭಿಮಾನಿಗಳು ಅಷ್ಟೇ ಶ್ರದ್ಧೆಯಿಂದ ಓದಿದರು. ತಪ್ಪು ಯಾರದು ಹೇಳಿ?

2010ರಲ್ಲಿ ಎರಡನೇ ಆಟ ಬಂತು, ಜೊತೆಗೆ ‘ಥರ್ಮಲ್ ಕ್ಲಿಪ್’ ಬಂತು. ಇದು ಗುಂಡಲ್ಲ, ಬಿಸಿ ಹೀರಿಕೊಳ್ಳುವ ಬಿಡಿಭಾಗ. ತುಂಬಿದ ಮೇಲೆ ಹೊರಗೆಸೆದು ಹೊಸದು ಹಾಕಬೇಕು. ನಮ್ಮಲ್ಲಿ ಇದಕ್ಕೆ ಒಂದು ಮಾತಿದೆ: ಅಳಿಯ ಅಲ್ಲ, ಮಗಳ ಗಂಡ. ಅವೆಂಜರ್ ರೈಫಲ್‌ಗೆ ಒಂದು ಕ್ಲಿಪ್‌ಗೆ 40 ಹೊಡೆತ, ಮ್ಯಾಂಟಿಸ್ ಸ್ನೈಪರ್‌ಗೆ ಒಂದೇ ಒಂದು. ನೆಲದಲ್ಲಿ ಬಿದ್ದ ಕ್ಲಿಪ್ ಎತ್ತಿಕೊಂಡರೆ ಯಾವ ಬಂದೂಕಿಗಾದರೂ ಹೊಂದುತ್ತದೆ. ಆದರೆ ಸ್ನೈಪರ್ ಖಾಲಿಯಾದಾಗ ರೈಫಲ್‌ಗೆ ಮೀಸಲಿಟ್ಟದ್ದನ್ನು ತೆಗೆದು ಅದಕ್ಕೆ ಹಾಕೋಣ ಅಂದರೆ ಆಗದು! ನೆಲದ ಮೇಲಿದ್ದಾಗ ಎಲ್ಲರದು, ಜೇಬಿಗೆ ಬಿದ್ದ ಮೇಲೆ ಅವರವರದು.

ಕಾರಣವನ್ನೂ ಕೊಟ್ಟಿದ್ದಾರೆ. ಹೆಚ್ಚು ಗುಂಡು ಹಾರಿಸಿದವನೇ ಗೆಲ್ಲುತ್ತಾನೆ ಅಂತ ಗೆಥ್ ಎಂಬ ಯಂತ್ರಜೀವಿಗಳು ಕಂಡುಕೊಂಡವಂತೆ, ಉಳಿದವರು ನಕಲು ಮಾಡಿದರಂತೆ. ಒಪ್ಪೋಣ. ಎರಡು ಆಟಗಳ ನಡುವೆ ಕಥೆಯಲ್ಲಿ ಎರಡು ವರ್ಷ, 2183ರಿಂದ 2185. ಆ ಅವಧಿಯಲ್ಲಿ ಶೆಪರ್ಡ್ ಸತ್ತು ಮಲಗಿದ್ದಾನೆ. ಮತ್ತೆ ಜೀವ ಬಂದು ಎದ್ದ ಕೂಡಲೇ ಪಿಸ್ತೂಲು ಹಿಡಿದು ಏನನ್ನುತ್ತಾನೆ? ಇದರಲ್ಲಿ ಥರ್ಮಲ್ ಕ್ಲಿಪ್ ಇಲ್ಲವಲ್ಲ, ಅಂತ. ಸತ್ತವನಿಗೆ ಯಾರು ಹೇಳಿಕೊಟ್ಟರು?

ಅದನ್ನೂ ಬಿಡೋಣ. ನನಗೆ ಬಹಳ ಇಷ್ಟವಾದ ಪ್ರಸಂಗ ಎರಡನೇ ಆಟದಲ್ಲಿ ಶೆಪರ್ಡ್‌ನ ಸಂಗಾತಿ ಜೇಕಬ್‌ದು. ಇದನ್ನು ಸ್ವಲ್ಪ ನಿಧಾನವಾಗಿ ನೋಡೋಣ. ಅವನ ತಂದೆ ಇದ್ದ ‘ಹ್ಯೂಗೋ ಗರ್ನ್ಸ್‌ಬ್ಯಾಕ್’ ಹಡಗು ಏಯಾ ಎಂಬ ಗ್ರಹದಲ್ಲಿ ಬಿದ್ದು ಹತ್ತು ವರ್ಷ. ಹತ್ತು! ಅಂದರೆ ಮೊದಲ ಆಟ ಶುರುವಾಗುವುದಕ್ಕೂ ಎಂಟು ವರ್ಷ ಮುಂಚೆ. ಹೊರಗಿನ ಸಂಪರ್ಕವಿಲ್ಲ, ಅಲ್ಲಿನ ಸೊಪ್ಪುಸದೆ ತಿಂದು ಜನರ ಬುದ್ಧಿ ಮಂಕಾಗಿದೆ. ನಾವು ಇಳಿಯುತ್ತೇವೆ, ಕಾದಾಟ ಆಗುತ್ತದೆ, ಮರಳಿನ ಮೇಲೆ ನೋಡಿದರೆ ಥಳಥಳ ಹೊಸ ಥರ್ಮಲ್ ಕ್ಲಿಪ್‌ಗಳು. ಇನ್ನೂ ಹುಟ್ಟದ ವಸ್ತು ಅಲ್ಲಿಗೆ ಮೊದಲೇ ಹೋಗಿ ಕೂತಿದೆ.

ಇದು ಹೇಗಾಯಿತು? ಕಥೆ ಬರೆಯುವವರು ಒಂದು ಕೋಣೆ, ಹಂತಗಳಲ್ಲಿ ಸಾಮಾನು ಜೋಡಿಸುವವರು ಇನ್ನೊಂದು. ಕಾದಾಟ ಇದ್ದಲ್ಲಿ ಕ್ಲಿಪ್ ಬೀಳಲೇಬೇಕು, ಇಲ್ಲದಿದ್ದರೆ ಆಟಗಾರ ಬರಿಗೈಯಲ್ಲಿ ಸಿಕ್ಕಿಬೀಳುತ್ತಾನೆ. ಆ ನಿಯಮ ಎಲ್ಲ ಗ್ರಹಕ್ಕೂ ಒಂದೇ. ದಿನಾಂಕ ನೋಡುವವರು ಇರಲಿಲ್ಲ.

ಇಂಥ ದೂರನ್ನು ‘ವಾಸ್ತವಿಕತೆಯ ಹುಚ್ಚು’ ಅಂತ ತಳ್ಳಿಹಾಕುವವರಿದ್ದಾರೆ. ಅಲ್ಲ ಸ್ವಾಮಿ. ಕರ್ಣ ಕವಚದ ಸಮೇತ ಹುಟ್ಟಿದ ಅಂದರೆ ಯಕ್ಷಗಾನದ ಪ್ರೇಕ್ಷಕ ಒಂದು ಮಾತೂ ಆಡುವುದಿಲ್ಲ. ಇಂದ್ರನಿಗೆ ಕೊಟ್ಟ ಕವಚ ಹದಿನೇಳನೇ ದಿನ ಮತ್ತೆ ಮೈಮೇಲಿದ್ದರೆ ಮಾತ್ರ ಚಾಪೆ ಸುತ್ತಿಕೊಂಡು ಏಳುತ್ತಾನೆ.

ವಿನ್ಯಾಸಕರ ಕಷ್ಟವೂ ಇದೆ. ಕಾಯುವುದಕ್ಕೆ ಬೆಲೆ ಇಲ್ಲದಿದ್ದರೆ ಆಟಗಾರ ಕಾಯುತ್ತಾನೆ, ಗೋಡೆ ಹಿಂದೆ ಕೂತು. ಮೊದಲ ಆಟದ ಕೊನೆಗಂತೂ ‘ಫ್ರಿಕ್ಷನ್‌ಲೆಸ್ ಮೆಟೀರಿಯಲ್ಸ್’ ಎಂಬ ಬಿಸಿ ತಗ್ಗಿಸುವ ಬಿಡಿಭಾಗ ಎರಡು ಜೋಡಿಸಿದ ಸ್ಪೆಕ್ಟರ್ ರೈಫಲ್ ಬಿಸಿಯಾಗುವುದನ್ನೇ ಮರೆಯುತ್ತಿತ್ತು. ಅದಕ್ಕೆ ಮದ್ದು ಬೇಕಿತ್ತು, ನಿಜ. ಆದರೆ ಎರಡನ್ನೂ ಕೂಡಿಸಬಹುದಿತ್ತು: ಕ್ಲಿಪ್ ಇದ್ದರೆ ಒಂದು ಸೆಕೆಂಡಿನಲ್ಲಿ ಬದಲು, ಇಲ್ಲದಿದ್ದರೆ ಬಂದೂಕು ತಾನೇ ಎಂಟು ಹತ್ತು ಸೆಕೆಂಡು ತೆಗೆದುಕೊಂಡು ತಣಿಯಲಿ. ಕಾಯುವಿಕೆ ದುಬಾರಿಯಾಗುತ್ತಿತ್ತು, ಹಳೆಯ ಬಂದೂಕೂ ಸುಳ್ಳಾಗುತ್ತಿರಲಿಲ್ಲ. ಏಯಾದಲ್ಲಿ ಕ್ಲಿಪ್ ಇಡದೆಯೇ ಆಡಿಸಬಹುದಿತ್ತು, ಆ ಪ್ರಸಂಗಕ್ಕೆ ಬೇರೆಯೇ ರುಚಿ ಬರುತ್ತಿತ್ತು.

ಐದು ನಿಮಿಷ ಅಂತ ಚೀಟಿ ಬಂದಿದೆ. ಎರಡನೇ ಆಟದ ಇನ್ನೊಬ್ಬ ಸಂಗಾತಿ ಜ್ಯಾಕ್ ಗಾಳಿಯಿಲ್ಲದ ಜಾಗದಲ್ಲಿ ಮುಖಕ್ಕೊಂದು ಮಾಸ್ಕ್ ಹಾಕಿಕೊಂಡು, ಬರೀ ಮೈಯಲ್ಲಿ ಓಡಾಡುವುದರ ಬಗ್ಗೆ ಅರ್ಧ ಗಂಟೆ ಮಾತಾಡಬೇಕೆಂದಿದ್ದೆ. ಮೊದಲ ಆಟದಲ್ಲಿ ಪೂರ್ತಿ ಹೆಲ್ಮೆಟ್ ಇತ್ತು, ಇಲ್ಲಿ ಇಲ್ಲ, ಅಷ್ಟಕ್ಕೇ ನಿಲ್ಲಿಸುತ್ತೇನೆ. ರಿಲೇ, ಅಂದರೆ ನಕ್ಷತ್ರಗಳ ನಡುವೆ ಹಡಗು ಜಿಗಿಸುವ ಯಂತ್ರ, ಅದರ ವಿಚಾರ ಮಾತ್ರ ಬಿಡಲಾರೆ. ಎರಡನೇ ಆಟಕ್ಕೆ ಆಮೇಲೆ ಸೇರಿಸಿದ ‘ಅರೈವಲ್’ ಕಂತಿನಲ್ಲಿ ಒಂದು ರಿಲೇ ಒಡೆದರೆ ಅದಿದ್ದ ಇಡೀ ಸೌರಮಂಡಲ ಬೂದಿ, ಬಟಾರಿಯನ್ ಎಂಬ ಅನ್ಯಗ್ರಹ ಜನಾಂಗದ ಮೂರು ಲಕ್ಷ ಜನ ಸತ್ತರು. ಮೂರನೇ ಆಟದ ಕೊನೆಯಲ್ಲಿ ಎಲ್ಲ ರಿಲೇಗಳೂ ಒಡೆದವು, ಆದರೆ ಭೂಮಿ ಹಾಗೇ ಇತ್ತು. ಜನ ಕೇಳಿದರು. 2012ರ ಜೂನ್‌ನಲ್ಲಿ ಬಂದ ‘ಎಕ್ಸ್‌ಟೆಂಡೆಡ್ ಕಟ್’ ಎಂಬ ಹಿಗ್ಗಿಸಿದ ಮುಕ್ತಾಯದಲ್ಲಿ ಅವು ನುಚ್ಚುನೂರಾಗದೆ, ರಿಪೇರಿ ಮಾಡುವಷ್ಟು ಮಾತ್ರ ಹಾಳಾದವು. ಆ ಆಟದ ಮೂರು ಮುಕ್ತಾಯಗಳೂ ಒಂದೇ, ಬಣ್ಣ ಮಾತ್ರ ಬೇರೆ ಅಂತ ಅಭಿಮಾನಿಗಳು ಬಯೋವೇರ್‌ಗೆ ಕೆಂಪು, ನೀಲಿ, ಹಸಿರು ಬಣ್ಣದ ಕಪ್‌ಕೇಕ್ ಕಳಿಸಿದ್ದು ಗೊತ್ತಲ್ಲ? ಬಣ್ಣ ಮೂರು, ರುಚಿ ಒಂದೇ.

ಕ್ಲಿಪ್ ದೂರನ್ನು ಮೂರನೇ ಆಟದಲ್ಲಿ ಅವರೇ ತಮಾಷೆ ಮಾಡಿದರು, ಶೆಪರ್ಡ್‌ನ ಹುಚ್ಚು ಅಭಿಮಾನಿ ಪಾತ್ರ ಕಾನ್ರಾಡ್ ವರ್ನರ್‌ನ ಬಾಯಿಂದ. ಆ ಆಟಕ್ಕೆ 2013ರಲ್ಲಿ ಸೇರಿಸಿದ ‘ಸಿಟಡೆಲ್’ ಕಂತಿನಲ್ಲಿ ಎಂ-7 ಲ್ಯಾನ್ಸರ್ ಅಂತ ಒಂದು ಹಳೆಯ ಮಾದರಿಯ ರೈಫಲ್ ಸಿಗುತ್ತದೆ. ಅದಕ್ಕೆ ಕ್ಲಿಪ್ ಬೇಡ. ಬಿಸಿಯಾಗುತ್ತದೆ, ತಣಿಯುತ್ತದೆ. ಪ್ರಶ್ನೆಗಳಿದ್ದರೆ ಹೊರಗೆ ಕಾಫಿ ಹತ್ತಿರ ಕೇಳಿ, ಮುಂದಿನವರು ಮೈಕ್‌ಗೆ ಕಾಯುತ್ತಿದ್ದಾರೆ.