ಪೈಥಾನ್ ಫಂಕ್ಷನ್ ಒಳಗೆ ಇಣುಕಿ ನೋಡೋದು

ಕೇಳುಗರಿಗೆ ನಮಸ್ಕಾರ. ಇವತ್ತಿನ ವಿಷ್ಯ ಸ್ವಲ್ಪ ಟೆಕ್ನಿಕಲ್ಲು, ಆದ್ರೆ ರೇಡಿಯೋ ಆಫ್ ಮಾಡ್ಬೇಡಿ. ಕೋಡನ್ನ ಬಾಯಲ್ಲಿ ಓದಿ ಹೇಳೋದು ಎಂಥ ಫಜೀತಿ ಅಂತ ನಂಗೂ ಗೊತ್ತು, ಅದಕ್ಕೆ ಅಂಡರ್‌ಸ್ಕೋರು, ಬ್ರಾಕೆಟ್ಟು ಆದಷ್ಟು ಕಮ್ಮಿ ಮಾಡ್ತೀನಿ. ಪೈಥಾನ್ ಅನ್ನೋ ಪ್ರೋಗ್ರಾಮಿಂಗ್ ಭಾಷೆ ಜೊತೆಗೇ ಬರೋ ಎರಡು ಟೂಲ್ ಬಗ್ಗೆ ಮಾತಾಡೋಣ ಅಂತಿದೀನಿ, ಒಂದು ಡಿಸ್, ನೀವು ಬರೆದ ಕೋಡು ಒಳಗೊಳಗೆ ಯಾವ ಸಣ್ಣ ಸಣ್ಣ ಸೂಚನೆಗಳಾಗಿ ಬದಲಾಗುತ್ತೆ ಅಂತ ತೋರಿಸೋದು, ಇನ್ನೊಂದು ಇನ್‌ಸ್ಪೆಕ್ಟ್, ಕೋಡಿನ ಮೂಲ ಏನು, ಅದು ಎಲ್ಲಿಂದ ಬಂತು ಅಂತ ತೋರಿಸೋದು. ಎರಡಕ್ಕೂ ಬೇರೆ ಏನೂ ಇನ್‌ಸ್ಟಾಲ್ ಮಾಡ್ಬೇಕಿಲ್ಲ, ಪೈಥಾನ್ ಇದ್ರೆ ಇವೂ ಇದಾವೆ, ಆದ್ರೂ ವರ್ಷಗಟ್ಲೆ ಪೈಥಾನ್ ಬರೆದಿರೋರೂ ಇವನ್ನ ಮುಟ್ಟಿರೋದೇ ಇಲ್ಲ.

ಮೊದ್ಲು ಒಂದು ಒಗಟು. ಫೈಲಿನ ಮೇಲ್ಗಡೆ ಕೌಂಟ್ ಅಂತ ಒಂದು ವೇರಿಯಬಲ್, ಅದ್ರಲ್ಲಿ ಸೊನ್ನೆ ಇಟ್ಟಿದೀರಿ. ಕೆಳಗೆ ಒಂದು ಫಂಕ್ಷನ್, ಅದ್ರೊಳಗೆ ಎರಡೇ ಸಾಲು, ಮೊದಲನೇದು ಕೌಂಟನ್ನ ಪ್ರಿಂಟ್ ಮಾಡು, ಎರಡನೇದು ಕೌಂಟಿಗೆ ಒಂದು ಹಾಕು. ರನ್ ಮಾಡಿದ್ರೆ ಪ್ರಿಂಟ್ ಸಾಲಲ್ಲೇ ಅನ್‌ಬೌಂಡ್ ಲೋಕಲ್ ಎರರ್ ಅಂತ ಬಿದ್ದೋಗುತ್ತೆ. ಎರಡನೇ ಸಾಲು ತೆಗೆದುಬಿಡಿ, ಮೊದಲನೇ ಸಾಲು ಆರಾಮಾಗಿ ಸೊನ್ನೆ ಪ್ರಿಂಟ್ ಮಾಡುತ್ತೆ. ಇನ್ನೂ ಓಡೇ ಇಲ್ಲದ ಸಾಲು, ಅದಕ್ಕಿಂತ ಮೇಲಿರೋ ಸಾಲನ್ನ ಹೇಗೆ ಕೆಡಿಸ್ತು?

ಈಗ ಟರ್ಮಿನಲ್‌ನಲ್ಲಿ ಪೈಥಾನ್, ಸ್ಪೇಸ್, ಹೈಫನ್ ಎಂ, ಸ್ಪೇಸ್, ಡಿಸ್, ಆಮೇಲೆ ಫೈಲಿನ ಹೆಸರು ಕೊಡಿ. ಸಾಲು ಸಾಲಾಗಿ ಕ್ಯಾಪಿಟಲ್ ಅಕ್ಷರದ ಹೆಸರುಗಳು ಬರ್ತವೆ, ಎಡಗಡೆ ನಿಮ್ಮ ಫೈಲಿನ ಸಾಲಿನ ನಂಬರು, ಮಧ್ಯೆ ಸೂಚನೆ, ಬಲಗಡೆ ಬ್ರಾಕೆಟ್ಟಲ್ಲಿ ಅದು ಯಾವ ಹೆಸರಿಗೆ ಸಂಬಂಧಪಟ್ಟಿದ್ದು ಅಂತ. ಆ ಪ್ರಿಂಟ್ ಸಾಲಿನ ಹತ್ರ ನೋಡಿ, ಪ್ರಿಂಟ್‌ಗೆ ಲೋಡ್ ಗ್ಲೋಬಲ್ ಅಂತಿದೆ, ಆದ್ರೆ ಕೌಂಟಿಗೆ ಲೋಡ್ ಫಾಸ್ಟ್ ಅಂತಿರುತ್ತೆ, 3.12ರಿಂದ ಈಚೆಗೆ ಆದ್ರೆ ಲೋಡ್ ಫಾಸ್ಟ್ ಚೆಕ್. ಗ್ಲೋಬಲ್ ಅಂದ್ರೆ ಫಂಕ್ಷನ್ನಿನ ಹೊರಗಿಂದ ತಗೋ ಅಂತ, ಫಾಸ್ಟ್ ಅಂದ್ರೆ ಫಂಕ್ಷನ್ನಿನ ಸ್ವಂತ ಲೋಕಲ್ ಜಾಗದಿಂದ ತಗೋ ಅಂತ. ಅಂದ್ರೆ ಫಂಕ್ಷನ್ ಓಡೋಕೆ ಮುಂಚೆ, ಕಂಪೈಲ್ ಆಗೋವಾಗ್ಲೇ, ಅಂದ್ರೆ ಕೋಡು ಈ ಸೂಚನೆಗಳಾಗಿ ಬದಲಾಗೋವಾಗ್ಲೇ, ಇಡೀ ಫಂಕ್ಷನ್ ನೋಡಿ, ಎಲ್ಲೋ ಒಂದು ಕಡೆ ಕೌಂಟಿಗೆ ಬೆಲೆ ಹಾಕಿದಾರೆ ಅಲ್ವಾ, ಹಾಗಾದ್ರೆ ಇದು ಲೋಕಲ್ ಅಂತ ತೀರ್ಮಾನ ಆಗಿಬಿಟ್ಟಿದೆ. ಎರಡನೇ ಸಾಲು ತೆಗೆದು ಮತ್ತೆ ಡಿಸ್ ಓಡಿಸಿ, ಅದೇ ಜಾಗದಲ್ಲಿ ಈಗ ಲೋಡ್ ಗ್ಲೋಬಲ್. ಒಂದು ಘಂಟೆ ಪಾಠ ಕೇಳೋದಕ್ಕಿಂತ ಇದು ವಾಸಿ.

ಹೀಗೆ ಕಂಪೈಲ್ ಆಗಿ ಬರೋದಕ್ಕೇ ಕೋಡ್ ಆಬ್ಜೆಕ್ಟ್ ಅನ್ನೋದು. ಸೂಚನೆಗಳ ಬೈಟ್‌ಗಳು, ಬಳಸಿರೋ ಸ್ಥಿರ ಬೆಲೆಗಳು, ಲೋಕಲ್ ಹೆಸರುಗಳು, ಸಾಲಿನ ನಂಬರಿನ ಲೆಕ್ಕ, ಎಲ್ಲಾ ಅದ್ರಲ್ಲಿರುತ್ತೆ. ಅದನ್ನ ಬದಲಾಯಿಸೋಕಾಗಲ್ಲ. ಫಂಕ್ಷನ್ ಅನ್ನೋದು ಬೇರೆ, ಇದನ್ನ ತುಂಬಾ ಜನ ಒಂದೇ ಅಂದ್ಕೊಂಡಿರ್ತಾರೆ, ನನ್ನ ಪ್ರಕಾರ ಪೈಥಾನಿನ ಅರ್ಧ ಗೊಂದಲ ಇಲ್ಲೇ ಇರೋದು. ಫಂಕ್ಷನ್ ಅಂದ್ರೆ ಕೋಡ್ ಆಬ್ಜೆಕ್ಟ್ ಜೊತೆಗೆ ಅದಕ್ಕೆ ಬೇಕಾದ ಗ್ಲೋಬಲ್ಸು, ಡಿಫಾಲ್ಟ್ ಬೆಲೆಗಳು, ಹೊರಗಿನ ಫಂಕ್ಷನ್ನಿಂದ ಹಿಡ್ಕೊಂಡು ಬಂದ ವೇರಿಯಬಲ್ಲು. ಒಂದು ಫಂಕ್ಷನ್ನಿನ ಒಳಗೆ, ಅದಕ್ಕೆ ಕೊಟ್ಟ ಸಂಖ್ಯೆನ ಕೂಡೋ ಇನ್ನೊಂದು ಫಂಕ್ಷನ್ ಬರೆದು, ಅದನ್ನೇ ವಾಪಸ್ ಕೊಡೋ ಹಾಗೆ ಮಾಡಿ, ಹೊರಗಿಂದಕ್ಕೆ ಒಂದ್ಸಲ ಒಂದು ಕೊಟ್ಟು, ಇನ್ನೊಂದ್ಸಲ ಎರಡು ಕೊಟ್ಟು ಕರೀರಿ, ಕೈಗೆ ಬರೋದು ಎರಡು ಬೇರೆ ಬೇರೆ ಫಂಕ್ಷನ್ನು, ಒಂದು ಒಂದನ್ನ ಕೂಡುತ್ತೆ, ಇನ್ನೊಂದು ಎರಡನ್ನ ಕೂಡುತ್ತೆ. ಆದ್ರೆ ಎರಡರ ಕೋಡ್ ಆಬ್ಜೆಕ್ಟೂ ಒಂದೇನಾ ಅಂತ ಈಸ್ ಹಾಕಿ ಕೇಳಿದ್ರೆ ಟ್ರೂ ಅನ್ನುತ್ತೆ. ಒಂದೇ ನಾಟಕದ ಪ್ರತಿ ಇಟ್ಕೊಂಡು ಎರಡು ಕಂಪನಿಯವರು ಎರಡು ಊರಲ್ಲಿ ಆಡೋ ಹಾಗೆ, ಮಾತು ಅದೇ, ಪರದೆ ಬೇರೆ.

ಇದು ಗೊತ್ತಾದ್ಮೇಲೆ ಇಂಟರ್‌ವ್ಯೂನಲ್ಲಿ ಕೇಳೋ ಆ ಖಾಲಿ ಲಿಸ್ಟ್ ಪ್ರಶ್ನೆ ನೀರು ಕುಡಿದಷ್ಟು ಸುಲಭ. ಫಂಕ್ಷನ್ನಿನ ಒಂದು ಆರ್ಗ್ಯುಮೆಂಟಿಗೆ ಡಿಫಾಲ್ಟ್ ಆಗಿ ಖಾಲಿ ಲಿಸ್ಟ್ ಕೊಟ್ಟಿರ್ತೀರಿ, ಎರಡನೇ ಸಲ ಕರೆದಾಗ ಅದು ಖಾಲಿ ಇರೋದೇ ಇಲ್ಲ, ಹೋದ್ಸಲ ಹಾಕಿದ್ದು ಅಲ್ಲೇ ಕೂತಿರುತ್ತೆ. ಡಿಸ್ ಹಾಕಿ ನೋಡಿ. ಮೊದ್ಲು ಇಡೀ ಫೈಲಿನ ಸೂಚನೆ ಬರುತ್ತೆ, ಫಂಕ್ಷನ್ ಒಳಗಿಂದು ಕೆಳಗೆ ಬೇರೆ ತಲೆಬರಹ ಹಾಕ್ಕೊಂಡು ಬರುತ್ತೆ. ಲಿಸ್ಟ್ ಕಟ್ಟೋ ಸೂಚನೆ, ಬಿಲ್ಡ್ ಲಿಸ್ಟ್ ಅಂತ, ಎಲ್ಲಿದೆ? ಮೇಲಿನ ಭಾಗದಲ್ಲಿ, ಮೇಕ್ ಫಂಕ್ಷನ್ ಅನ್ನೋ ಸೂಚನೆಗಿಂತ ಸ್ವಲ್ಪ ಮೇಲೆ. ಕೆಳಗಿನ ಭಾಗದಲ್ಲಿ ಅದ್ರ ಸುಳಿವೇ ಇಲ್ಲ. ಫಂಕ್ಷನ್ ಹುಟ್ಟೋವಾಗ ಒಂದೇ ಒಂದು ಲಿಸ್ಟ್ ಆಯ್ತು, ಫಂಕ್ಷನ್ನಿಗೆ ಅಂಟ್ಕೊಳ್ತು, ಆಮೇಲೆ ಎಷ್ಟು ಸಲ ಕರೆದ್ರೂ ಹೊಸದು ಆಗೋಕೆ ಸೂಚನೆನೇ ಇಲ್ಲ. ಪೈಥಾನ್ ಸರಿ ಇಲ್ಲ ಅಂತ ಬೈಯೋರು ಈ ಹತ್ತು ಸಾಲು ನೋಡಿ ಆಮೇಲೆ ಬೈಯಲಿ.

ಇನ್ನೊಂದು ಸಣ್ಣದು. ಒಂದು ದಿನದ ಸೆಕೆಂಡು ಬೇಕು ಅಂದಾಗ 24 ಇಂಟು 60 ಇಂಟು 60 ಅಂತ ಬರೆದ್ರೆ ಪ್ರತಿ ಸಲ ಗುಣಾಕಾರ ಮಾಡುತ್ತೆ, ನಿಧಾನ ಆಗುತ್ತೆ ಅಂತ ಕೆಲವರು 86400 ಅಂತ ನೇರ ಬರೀತಾರೆ. ಡಿಸ್ ತೋರಿಸೋದು 86400 ಒಂದೇ, ಗುಣಾಕಾರ ಕಂಪೈಲ್ ಆಗೋವಾಗ್ಲೇ ಮುಗಿದಿರುತ್ತೆ. ಓದೋರಿಗೆ ಅರ್ಥ ಆಗೋ ಹಾಗೆ ಬರೀರಿ ಸಾಕು. ಹಾಗಂತ ಸೂಚನೆಗಳನ್ನ ಎಣಿಸಿ ಯಾವುದು ಫಾಸ್ಟು ಅಂತ ಜಗಳಕ್ಕೆ ಇಳೀಬೇಡಿ, ಅದಕ್ಕೆ ವೇಗ ಅಳೆಯೋ ಟೈಮ್‌ಇಟ್ ಅಂತ ಬೇರೆ ಇದೆ. ಮತ್ತೆ ಈ ಸೂಚನೆಗಳ ಹೆಸರು ವರ್ಷನ್ನಿಂದ ವರ್ಷನ್ನಿಗೆ ಬದಲಾಗ್ತಾನೇ ಇರುತ್ತೆ, 2022ರ ಅಕ್ಟೋಬರಲ್ಲಿ 3.11 ಬಂದಾಗ ಕೂಡೋದು, ಕಳೆಯೋದು, ಗುಣಿಸೋದು ಬೇರೆ ಬೇರೆ ಇದ್ದಿದ್ದೆಲ್ಲಾ ಬೈನರಿ ಆಪ್ ಅನ್ನೋ ಒಂದೇ ಸೂಚನೆ ಆಯ್ತು. ಹಳೇ ಪುಸ್ತಕದಲ್ಲಿರೋದು ನಿಮ್ಮ ಸ್ಕ್ರೀನಲ್ಲಿ ಕಾಣಲಿಲ್ಲ ಅಂದ್ರೆ ಗಾಬರಿ ಆಗ್ಬೇಡಿ.

ಇನ್‌ಸ್ಪೆಕ್ಟಿಗೆ ಬರೋಣ. ಕಾ-ಪಿಂಗ್ ಯೀ ಅನ್ನೋರು ಬರೆದಿದ್ದು, 2001ರಲ್ಲಿ ಪೈಥಾನ್ 2.1ರ ಜೊತೆ ಬಂತು, ಆದ್ರೆ ಟರ್ಮಿನಲ್ಲಿಂದ ನೇರ ಓಡಿಸೋ ಸೌಕರ್ಯ ಬಂದಿದ್ದು 2014ರಲ್ಲಿ, 3.4ರಲ್ಲಿ. ಪೈಥಾನ್, ಹೈಫನ್ ಎಂ, ಇನ್‌ಸ್ಪೆಕ್ಟ್, ಆಮೇಲೆ ಜೇಸನ್, ಕೋಲನ್, ಡಂಪ್ಸ್ ಅಂತ ಕೊಟ್ರೆ ಜೇಸನ್ ಮಾಡ್ಯೂಲಲ್ಲಿರೋ ಡಂಪ್ಸ್ ಅನ್ನೋ ಫಂಕ್ಷನ್ನಿನ ಸೋರ್ಸ್ ಕೋಡೇ ಸ್ಕ್ರೀನ್ ಮೇಲೆ ಬಂದು ಬೀಳುತ್ತೆ. ನಂಗೆ ಅದಕ್ಕಿಂತ ಇಷ್ಟ ಡೀಟೇಲ್ಸ್ ಅನ್ನೋ ಆಪ್ಷನ್ನು. ಅದು ಈ ಮಾಡ್ಯೂಲ್, ಅಂದ್ರೆ ಇಂಪೋರ್ಟ್ ಅಂತ ಹೇಳಿ ತರಿಸ್ಕೊಳ್ಳೋ ಕೋಡು, ನಿಜವಾಗ್ಲೂ ಯಾವ ಫೈಲಿಂದ ಬಂತು ಅಂತ ಹೇಳುತ್ತೆ. ಕಾಲೇಜು ಹುಡುಗ್ರು ಪ್ರಾಕ್ಟೀಸಿಗೆ ಅಂತ ರ‍್ಯಾಂಡಮ್ ಡಾಟ್ ಪಿವೈ ಅಂತ ಸ್ವಂತ ಫೈಲ್ ಮಾಡ್ಕೊಂಡಿರ್ತಾರೆ, ಆಮೇಲೆ ಇಂಪೋರ್ಟ್ ರ‍್ಯಾಂಡಮ್ ಅಂದಾಗ ಪೈಥಾನಿನದಲ್ಲ, ಅವ್ರದೇ ಫೈಲು ಬಂದು ಕೂರುತ್ತೆ, ರ‍್ಯಾಂಡ್‌ಇಂಟ್ ಅನ್ನೋ ಫಂಕ್ಷನ್ನೇ ಇಲ್ಲ ಅಂತ ಎರರ್ ಬಂದು ಪೈಥಾನನ್ನೇ ಅನ್‌ಇನ್‌ಸ್ಟಾಲ್ ಮಾಡಿ ಮತ್ತೆ ಹಾಕ್ತಾರೆ ಪಾಪ. ಡೀಟೇಲ್ಸ್ ಹಾಕಿದ್ರೆ ಆರಿಜಿನ್ ಅನ್ನೋ ಸಾಲಲ್ಲಿ ಅವ್ರ ಫೋಲ್ಡರಿನ ಹೆಸರೇ ಕಾಣ್ತಿರುತ್ತೆ. ಸಿಸ್ ಥರದ, ಸಿ ಭಾಷೆಯಲ್ಲಿ ಬರೆದು ಪೈಥಾನ್ ಒಳಗೇ ಸೇರಿಸಿರೋ ಮಾಡ್ಯೂಲ್ ಕೇಳಿದ್ರೆ ಮಾತ್ರ, ಮಾಹಿತಿ ಕೊಡೋಕಾಗಲ್ಲ ಅಂದುಬಿಡುತ್ತೆ.

ಒಂದು ಎಚ್ಚರಿಕೆ, ಇದನ್ನ ಕೇಳಿಸ್ಕೊಳ್ಳಿ. ಡಿಸ್‌ಗೆ ಫೈಲ್ ಕೊಟ್ರೆ ಅದು ಕಂಪೈಲ್ ಮಾಡುತ್ತೆ ಅಷ್ಟೇ, ಓಡಿಸಲ್ಲ. ಇನ್‌ಸ್ಪೆಕ್ಟ್ ಹಾಗಲ್ಲ, ಮಾಡ್ಯೂಲನ್ನ ಇಂಪೋರ್ಟ್ ಮಾಡುತ್ತೆ, ಅಂದ್ರೆ ಅದ್ರ ಮೇಲ್ಮಟ್ಟದ ಕೋಡೆಲ್ಲಾ ಓಡಿಬಿಡುತ್ತೆ. ಯಾರೋ ಕಳಿಸಿದ ಗುರುತಿಲ್ಲದ ಫೈಲನ್ನ, ಒಳಗೇನಿದೆ ನೋಡೋಣ ಅಂತ ಇನ್‌ಸ್ಪೆಕ್ಟ್ ಮಾಡೋಕೆ ಹೋಗ್ಬೇಡಿ.

ಇನ್ನು ಕೆಲವರು ಗಿರಾಕಿಗೆ ಪಿವೈಸಿ ಫೈಲ್, ಅಂದ್ರೆ ಕಂಪೈಲ್ ಮಾಡಿ ಉಳಿಸಿದ ಫೈಲ್ ಮಾತ್ರ ಕೊಟ್ಟು ಕೋಡ್ ಸೇಫಾಗಿದೆ ಅಂದ್ಕೋತಾರೆ. ಆ ಫೈಲಲ್ಲಿರೋದು ಇದೇ ಕೋಡ್ ಆಬ್ಜೆಕ್ಟ್. 3.7ರಿಂದ ಈಚೆಗೆ ಮೊದಲ 16 ಬೈಟ್ ಹೆಡರ್, ಅದನ್ನ ದಾಟಿ ಮಾರ್ಷಲ್ ಅನ್ನೋ ಮಾಡ್ಯೂಲಲ್ಲಿ ಓದಿ ಡಿಸ್‌ಗೆ ಕೊಟ್ರೆ ಎಲ್ಲಾ ಬಯಲು. ಕಾಮೆಂಟುಗಳು ಹೋಗಿರ್ತವೆ ನಿಜ, ಆದ್ರೆ ಫಂಕ್ಷನ್ ಹೆಸರು, ವೇರಿಯಬಲ್ ಹೆಸರು, ಮತ್ತೆ ನೀವು ಕೋಡಲ್ಲೇ ಬರೆದಿಟ್ಟ ಡೇಟಾಬೇಸ್ ಪಾಸ್‌ವರ್ಡು ಸ್ಥಿರ ಬೆಲೆಗಳ ಪಟ್ಟಿಯಲ್ಲಿ ಅಚ್ಚುಕಟ್ಟಾಗಿ ಕೂತಿರುತ್ತೆ.

ಮನೇಲಿ ಪ್ರಯತ್ನ ಮಾಡೋರಿಗೆ ಫೈಲೂ ಬೇಕಿಲ್ಲ. ಪೈಥಾನ್ ಹೈಫನ್ ಎಂ ಡಿಸ್ ಅಂತ ಅಷ್ಟೇ ಹೊಡೆದು ಎಂಟರ್ ಒತ್ತಿದ್ರೆ ಸುಮ್ನೆ ಕಾಯ್ತಾ ಕೂರುತ್ತೆ, ಹ್ಯಾಂಗ್ ಆಗಿಲ್ಲ ಅದು, ನೀವು ಟೈಪ್ ಮಾಡ್ಲಿ ಅಂತ ಕಾಯ್ತಿದೆ. ಎರಡು ಸಾಲು ಬರೆದು, ಲಿನಕ್ಸಲ್ಲಿ ಹೊಸ ಸಾಲಿಗೆ ಬಂದು ಕಂಟ್ರೋಲ್ ಡಿ, ವಿಂಡೋಸಲ್ಲಿ ಕಂಟ್ರೋಲ್ ಝಡ್ ಒತ್ತಿ ಎಂಟರ್. ಮೊದ್ಲು ಖಾಲಿ ಬ್ರಾಕೆಟ್ಟಿನ ಲಿಸ್ಟು, ಆಮೇಲೆ ಲಿಸ್ಟ್ ಅಂತ ಹೆಸರು ಹಿಡಿದು ಕರೆದಿದ್ದು, ಎರಡನ್ನೂ ಹಾಕಿ ನೋಡಿ, ಎರಡನೇದ್ರಲ್ಲಿ ಹೆಸರು ಹುಡುಕೋ ಸೂಚನೆ ಒಂದು ಜಾಸ್ತಿ ಯಾಕಿದೆ ಅಂತ ನೀವೇ ಯೋಚ್ನೆ ಮಾಡಿ. ನಮಸ್ಕಾರ.