ಚೆಂಡು ನನ್ನದು ಎನ್ನುವುದು ಯಾವ ಭಾಷೆಯಲ್ಲಿ?

ಎಲ್ಲರಿಗೂ ನಮಸ್ಕಾರ. ಭಾನುವಾರ ಮಧ್ಯಾಹ್ನ, ಬಿಸಿಬೇಳೆಬಾತ್ ಉಂಡ ಮೇಲೆ, ಬೇಸ್‌ಬಾಲ್ ಮತ್ತು ಸ್ಪ್ಯಾನಿಷ್ ಬಗ್ಗೆ ಕನ್ನಡದಲ್ಲಿ ಕೇಳಲು ಕುಳಿತಿದ್ದೀರಿ. ನಿಮ್ಮ ತಾಳ್ಮೆ ದೊಡ್ಡದು. ಸಂಘದ ಗೆಳೆಯರು ಈ ವಿಷಯವನ್ನು ನನ್ನ ಕೊರಳಿಗೆ ಕಟ್ಟಲು ಕಾರಣವಿದೆ. ಇಲ್ಲಿ ಕ್ಯಾಲಿಫೋರ್ನಿಯಾದಲ್ಲಿ ನಮ್ಮ ಕೆಲವು ಮಕ್ಕಳು ಕ್ರಿಕೆಟ್ ಬಿಟ್ಟು ಬೇಸ್‌ಬಾಲ್ ಹಿಡಿದಿದ್ದಾರೆ. ರಾಜ್ಯದ ವಿಶ್ವವಿದ್ಯಾಲಯಕ್ಕೆ ಸೇರಬೇಕಾದರೆ ಹೈಸ್ಕೂಲಿನಲ್ಲಿ ಇಂಗ್ಲಿಷಲ್ಲದ ಒಂದು ಭಾಷೆಯನ್ನು ಕನಿಷ್ಠ ಎರಡು ವರ್ಷ ಓದಿರಬೇಕು. ಆಗ ಆ ಮಕ್ಕಳ ಅಪ್ಪ ಅಮ್ಮ ನನ್ನ ಬಳಿ ಬರುತ್ತಾರೆ. ಮಕ್ಕಳ ತಂಡವೊಂದಕ್ಕೆ ಸಹಾಯಕ ಕೋಚ್ ಆಗಿ ಚೆಂಡಿನ ಚೀಲ ಹೊರುವವನಲ್ಲವೇ ನಾನು! ಅವರ ಪ್ರಶ್ನೆ: "ಸ್ಪ್ಯಾನಿಷ್ ಕಲಿತರೆ ಇವನ ಆಟಕ್ಕೆ ಉಪಯೋಗವಾಗುತ್ತದೆಯೇ?"

ಉತ್ತರಕ್ಕೆ ಮೊದಲು ಒಂದು ಕತೆ. 1962ರಲ್ಲಿ ನ್ಯೂಯಾರ್ಕ್ ಮೆಟ್ಸ್ ಎಂಬ ಹೊಸ ತಂಡ ಹುಟ್ಟಿತು. ಆ ವರ್ಷ 40 ಪಂದ್ಯ ಗೆದ್ದು 120 ಸೋತಿತು. ಮಧ್ಯದ ಔಟ್‌ಫೀಲ್ಡಿನಲ್ಲಿ ರಿಚೀ ಆಶ್‌ಬರ್ನ್, ಅವರ ಮುಂದೆ ಶಾರ್ಟ್‌ಸ್ಟಾಪ್ ಎಂಬ ಒಳಮೈದಾನದ ಜಾಗದಲ್ಲಿ ವೆನೆಜುವೆಲಾದ ಎಲಿಯೊ ಚಾಕೋನ್. ಇಬ್ಬರ ನಡುವೆ ಚೆಂಡು ಎತ್ತರಕ್ಕೆ ಹಾರಿತೆಂದರೆ ಆಶ್‌ಬರ್ನ್ ಇಂಗ್ಲಿಷಿನಲ್ಲಿ "ನನ್ನದು" ಎಂದು ಕೂಗುತ್ತಿದ್ದರು. ಚಾಕೋನ್‌ಗೆ ಅರ್ಥವಾಗದೆ ಓಡಿಬಂದು ಡಿಕ್ಕಿ ಹೊಡೆಯುತ್ತಿದ್ದರು. ಕೊನೆಗೆ ಆಶ್‌ಬರ್ನ್, ಸ್ಪ್ಯಾನಿಷ್ ಬಲ್ಲ ಸಹ ಆಟಗಾರನಿಂದ "ಯೋ ಲಾ ತೆಂಗೊ" ಎಂಬ ಮೂರು ಪದ ಕಲಿತರು. (ನಮ್ಮ ತೆಂಗಿಗೂ ಇದಕ್ಕೂ ಸಂಬಂಧವಿಲ್ಲ, "ಅದು ನನ್ನ ಬಳಿ ಇದೆ" ಎಂದರ್ಥ.) ಮುಂದಿನ ಬಾರಿ ಚೆಂಡು ಹಾರಿದಾಗ ಹಾಗೆಯೇ ಕೂಗಿದರು. ಚಾಕೋನ್ ನಿಂತರು. ಆದರೆ ಎಡಗಡೆಯಿಂದ ಓಡಿಬಂದ ಫ್ರಾಂಕ್ ಥಾಮಸ್, ಸ್ಪ್ಯಾನಿಷಿನ ಗಂಧವಿಲ್ಲದ ಅಮೆರಿಕದ ಮನುಷ್ಯ, ಆಶ್‌ಬರ್ನ್ ಅವರನ್ನು ಕೆಡವಿಯೇಬಿಟ್ಟರು.

ಬೇಸ್‌ಬಾಲ್ ಜನ ಈ ಕತೆಯನ್ನು ಅರವತ್ತು ವರ್ಷಗಳಿಂದ ಹೇಳಿ ನಗುತ್ತಿದ್ದಾರೆ. ಹೇಳಿ ಹೇಳಿ ಸ್ವಲ್ಪ ಪಾಲಿಷ್ ಕೂಡ ಆಗಿರಬಹುದು. ನನಗೆ ಬೇಕಾದ ಮಾತು ಅದರೊಳಗಿದೆ. ಭಾಷೆ ಬೇಕಾಗುವುದು ಒಬ್ಬ ಆಟಗಾರ ಮತ್ತು ಇನ್ನೊಬ್ಬನ ನಡುವಿನ ಖಾಲಿ ಜಾಗದಲ್ಲಿ. ಬ್ಯಾಟ್ ಹಿಡಿದು ಒಂಟಿಯಾಗಿ ನಿಂತವನಿಗೆ ಯಾವ ಭಾಷೆಯೂ ನೆರವಾಗುವುದಿಲ್ಲ. ಗಂಟೆಗೆ 90 ಮೈಲಿ ವೇಗದ ಚೆಂಡಿನ ಮುಂದೆ ಕ್ರಿಯಾಪದದ ರೂಪಗಳನ್ನು ನೆನೆದು ಏನು ಮಾಡುವುದು?

ಆ ಖಾಲಿ ಜಾಗ ಎಲ್ಲರಿಗಿಂತ ಹೆಚ್ಚು ಸೇರಿದ್ದು ಕ್ಯಾಚರ್‌ಗೆ. ಕ್ರಿಕೆಟ್ ಕಣ್ಣಿನಿಂದ ನೋಡಿದರೆ ಅವನು ವಿಕೆಟ್ ಕೀಪರ್‌ನಂತೆ ಕಾಣುತ್ತಾನೆ, ಆದರೆ ಅವನ ಕೆಲಸ ಅರ್ಧ ನಾಯಕನದು. ಮುಂದಿನ ಎಸೆತ ಯಾವುದಿರಬೇಕೆಂದು ಸೂಚಿಸುವವನು ಅವನು, ಚೆಂಡು ಎಸೆಯುವ ಪಿಚರ್ ಎದೆಗುಂದಿದಾಗ ಹತ್ತಿರ ಹೋಗಿ ಮಾತನಾಡುವವನೂ ಅವನೇ.

1981ರ ಲಾಸ್ ಏಂಜಲೀಸ್‌ಗೆ ಬನ್ನಿ. ಮೆಕ್ಸಿಕೋದ ಸೊನೋರಾ ಸೀಮೆಯ ಎಚೊವಾಕಿಲಾ ಎಂಬ ಹಳ್ಳಿಯಿಂದ, ಹನ್ನೆರಡು ಮಕ್ಕಳ ಮನೆಯ ಕಿರಿಯ ಹುಡುಗ ಫರ್ನಾಂಡೊ ವಲೆನ್ಸುವೆಲಾ ಡಾಡ್ಜರ್ಸ್ ತಂಡದಲ್ಲಿದ್ದ. ವಯಸ್ಸು 20, ದುಂಡು ಮೈ, ಎಸೆಯುವಾಗ ಆಕಾಶ ನೋಡುವ ಕಣ್ಣು. ಋತುವಿನ ಮೊದಲ ದಿನ ಎಸೆಯಬೇಕಿದ್ದ ಜೆರ್ರಿ ರಾಯಿಸ್ ಗಾಯಗೊಂಡದ್ದರಿಂದ ಇವನಿಗೆ ಚೆಂಡು ಸಿಕ್ಕಿತು. ಮೊದಲ ಎಂಟು ಪಂದ್ಯಗಳಲ್ಲಿ ಎಂಟೂ ಗೆಲುವು. ಅವುಗಳಲ್ಲಿ ಐದರಲ್ಲಿ ಎದುರಾಳಿಗೆ ಒಂದು ರನ್ನೂ ಕೊಡಲಿಲ್ಲ. ಅದೇ ವರ್ಷ ಅತ್ಯುತ್ತಮ ಹೊಸಬನೆಂಬ ಪ್ರಶಸ್ತಿಯೂ ಅತ್ಯುತ್ತಮ ಪಿಚರ್‌ಗೆ ಕೊಡುವ ಸೈ ಯಂಗ್ ಪ್ರಶಸ್ತಿಯೂ ಅವನ ಪಾಲಾದವು. ಇವೆರಡನ್ನೂ ಒಂದೇ ವರ್ಷ ಪಡೆದವರು ಬೇರೆ ಯಾರೂ ಇಲ್ಲ. ಇಷ್ಟಾದರೂ ಅವನಿಗೆ ಇಂಗ್ಲಿಷ್ ಬರುತ್ತಿರಲಿಲ್ಲ. ಪತ್ರಕರ್ತರ ಮುಂದೆ ಅವನ ಮಾತನ್ನು ಇಂಗ್ಲಿಷಿಗೆ ತರುತ್ತಿದ್ದವರು ತಂಡದ ಸ್ಪ್ಯಾನಿಷ್ ವೀಕ್ಷಕ ವಿವರಣೆಗಾರ ಹೈಮೆ ಹರೀನ್.

ಆದರೆ ಪಿಚರ್ ನಿಂತ ಮಣ್ಣಿನ ದಿಬ್ಬಕ್ಕೆ ಆಗ ದುಭಾಷಿ ಹೋಗುವಂತಿರಲಿಲ್ಲ. ಆ ತಂಡದಲ್ಲಿ ಕ್ಯಾಚರ್ ಸ್ಥಾನಕ್ಕೆ ಪೈಪೋಟಿ ಇತ್ತು. ಸ್ಟೀವ್ ಯೇಗರ್, ಜೋ ಫರ್ಗುಸನ್ ಇಬ್ಬರೂ ಅನುಭವಿಗಳು. ಮೂರನೆಯವನು 22 ವರ್ಷದ ಮೈಕ್ ಸೊಶಾ, ಪೆನ್ಸಿಲ್ವೇನಿಯಾದವನು. ಫರ್ನಾಂಡೊ ಜೊತೆ ಮಾತನಾಡಲೆಂದೇ ಅವನು ಸ್ಪ್ಯಾನಿಷ್ ಕಲಿತ. ಜಾಗ ಅವನಿಗೆ ಸಿಕ್ಕಿತು. ಸಿಕ್ಕ ಕಾರಣಗಳಲ್ಲಿ ಆ ಕಲಿಕೆಯೂ ಒಂದು ಎನ್ನುವುದು ಬೇಸ್‌ಬಾಲ್ ಬಲ್ಲವರ ಮಾತು. ಒಂದು ಎಂದೆ, ಗಮನಿಸಿ. ರನ್ ಗಳಿಸಲು ಮುಟ್ಟಬೇಕಾದ ಹೋಮ್ ಪ್ಲೇಟ್ ಮುಂದೆ ಗೋಡೆಯಂತೆ ಕೂತು, ಓಡಿಬರುವವನಿಗೆ ದಾರಿ ಬಿಡದ ಕ್ಯಾಚರ್ ಅವನು. ಅದಿಲ್ಲದೆ ಬರೀ ಸ್ಪ್ಯಾನಿಷ್ ಇದ್ದಿದ್ದರೆ ಅವನೂ ದುಭಾಷಿಯಾಗುತ್ತಿದ್ದ, ಅಷ್ಟೆ. 1990ರ ಜೂನ್ 29ರಂದು ಫರ್ನಾಂಡೊ ಎದುರಾಳಿಗಳಿಗೆ ಒಂದೂ ಹಿಟ್ ಕೊಡದೆ ಪಂದ್ಯ ಮುಗಿಸಿದಾಗಲೂ ಎದುರಿಗೆ ಕುಕ್ಕರಗಾಲಿನಲ್ಲಿ ಕೂತಿದ್ದವನು ಸೊಶಾನೇ. ಮುಂದೆ 2000ದಿಂದ 2018ರವರೆಗೆ ಏಂಜಲ್ಸ್ ತಂಡದ ಮ್ಯಾನೇಜರ್ ಆದ, 2002ರಲ್ಲಿ ವಿಶ್ವ ಸರಣಿ, ಅಂದರೆ ಋತುವಿನ ಕೊನೆಯ ಪ್ರಶಸ್ತಿ ಹಣಾಹಣಿ, ಗೆಲ್ಲಿಸಿದ. ಕಲಿತ ಭಾಷೆ ಆಟ ನಿಂತ ಮೇಲೂ ಅವನ ಜೊತೆಯಲ್ಲಿತ್ತು.

ಈಗ ಒಬ್ಬರು ಏಳುತ್ತಾರೆ, ಗೊತ್ತಿದೆ: "ಸ್ವಾಮಿ, ಅದು 1981. ಈಗ ಯಂತ್ರವಿದೆ." ನಿಜ. 2022ರಿಂದ ಕ್ಯಾಚರ್ ಒಂದು ಗುಂಡಿ ಒತ್ತಿದರೆ ಪಿಚರ್‌ನ ಟೋಪಿಯೊಳಗಿನ ಪುಟ್ಟ ಸ್ಪೀಕರ್ ಮುಂದಿನ ಎಸೆತವನ್ನು ಹೇಳುತ್ತದೆ, ಬೇಕಾದರೆ ಸ್ಪ್ಯಾನಿಷಿನಲ್ಲೇ. 2016ರಿಂದ ಪ್ರತಿ ತಂಡವೂ ಸ್ಪ್ಯಾನಿಷ್ ದುಭಾಷಿಯನ್ನು ಇಟ್ಟುಕೊಳ್ಳಲೇಬೇಕು. ಪೋರ್ಟೊ ರಿಕೊದ ಕಾರ್ಲೊಸ್ ಬೆಲ್ಟ್ರಾನ್ ಪಟ್ಟು ಹಿಡಿದು ಮಾಡಿಸಿದ ಕೆಲಸವದು. ಆದರೆ ಆ ಯಂತ್ರ ಹೇಳುವುದು ಯಾವ ಎಸೆತ, ಎಲ್ಲಿಗೆ ಎಂದಷ್ಟೇ. "ನಿನ್ನ ಮೊಣಕೈ ಇಳಿಯುತ್ತಿದೆ" ಎನ್ನುವುದಿಲ್ಲ. ಅಲ್ಲದೆ 2023ರಿಂದ ಪಿಚರ್‌ಗೆ ಗಡಿಯಾರ ಬಂದಿದೆ: ಯಾವ ಬೇಸಿನಲ್ಲೂ ಎದುರಾಳಿ ಓಟಗಾರನಿಲ್ಲದಿದ್ದರೆ 15 ಸೆಕೆಂಡಿನೊಳಗೆ ಎಸೆಯಬೇಕು. ದಿಬ್ಬಕ್ಕೆ ಹೋಗಿ ಮಾತನಾಡುವ ಅವಕಾಶವನ್ನೂ ಪಂದ್ಯಕ್ಕೆ ನಾಲ್ಕಕ್ಕೆ ಇಳಿಸಿದ್ದಾರೆ. ಹೋದಾಗ ಅನುವಾದಕ್ಕೆ ಕಾಯುತ್ತ ಕೂರಲು ಸಮಯವೆಲ್ಲಿ?

ಸಂಖ್ಯೆಯ ಮಾತನ್ನೂ ಹೇಳಿಬಿಡುತ್ತೇನೆ. 2024ರ ಋತುವಿನ ಆರಂಭದಲ್ಲಿ ಮೇಜರ್ ಲೀಗ್ ಎಂಬ ಅತಿ ಮೇಲಿನ ಮಟ್ಟದ ತಂಡಗಳಲ್ಲಿ ಡೊಮಿನಿಕನ್ ರಿಪಬ್ಲಿಕ್ ಒಂದರಿಂದಲೇ 108 ಆಟಗಾರರಿದ್ದರು. ಸುಮಾರು 1.1 ಕೋಟಿ ಜನರ ದೇಶ ಅದು. ಅಲ್ಲಿ ಮೂವತ್ತೂ ತಂಡಗಳ ತರಬೇತಿ ಅಕಾಡೆಮಿಗಳಿವೆ. ಹುಡುಗರಿಗೆ 16ಕ್ಕೇ ಒಪ್ಪಂದ, ಬೆಳಿಗ್ಗೆ ಅಭ್ಯಾಸ, ಆಮೇಲೆ ಇಂಗ್ಲಿಷ್ ಪಾಠ.

ನನಗೆ ಸಿಟ್ಟು ಬರುವುದು ಇಲ್ಲೇ. ಆ ಹುಡುಗ ಇಂಗ್ಲಿಷ್ ಕಲಿಯಲಿ ಎನ್ನುವಾಗ ಯಾರೂ "ಅದರಿಂದ ಆಟಕ್ಕೆ ಉಪಯೋಗವೇ?" ಎಂದು ಕೇಳುವುದಿಲ್ಲ. ನಮ್ಮ ಮಕ್ಕಳ ಸರದಿ ಬಂದಾಗ ಮಾತ್ರ ಲಾಭನಷ್ಟದ ಲೆಕ್ಕ. 1960ರ ದಶಕದ ಆರಂಭದಲ್ಲಿ ಸ್ಯಾನ್ ಫ್ರಾನ್ಸಿಸ್ಕೊ ಜೈಂಟ್ಸ್ ಮ್ಯಾನೇಜರ್ ಆಲ್ವಿನ್ ಡಾರ್ಕ್, ಕ್ಲಬ್‌ಹೌಸಿನಲ್ಲಿ ಸ್ಪ್ಯಾನಿಷ್ ಆಡಕೂಡದು ಎಂದರು. ಆ ತಂಡದಲ್ಲಿ ಫೆಲಿಪೆ ಆಲೂ, ಮ್ಯಾಟಿ ಆಲೂ ಎಂಬ ಡೊಮಿನಿಕನ್ ಅಣ್ಣತಮ್ಮಂದಿರೇ ಇದ್ದರು! ಪೋರ್ಟೊ ರಿಕೊದಿಂದ ಬಂದ ಪಿಟ್ಸ್‌ಬರ್ಗ್ ತಂಡದ ಆಟಗಾರ ರೊಬೆರ್ತೊ ಕ್ಲೆಮೆಂತೆ ಅವರ ಇಂಗ್ಲಿಷನ್ನು ಪತ್ರಿಕೆಗಳು ಉಚ್ಚಾರಣೆಯ ತಪ್ಪುಗಳ ಸಮೇತ ಅಚ್ಚು ಹಾಕುತ್ತಿದ್ದವು. 1971ರ ವಿಶ್ವ ಸರಣಿ ಗೆದ್ದ ದಿನ ಅವರು ದೂರದರ್ಶನದ ಮುಂದೆ ಮೊದಲು ಸ್ಪ್ಯಾನಿಷಿನಲ್ಲಿ ಅಪ್ಪ ಅಮ್ಮನ ಆಶೀರ್ವಾದ ಕೇಳಿದರು, ಆಮೇಲೆ ಉಳಿದ ಮಾತು.

ಇನ್ನು ಕಲಿಯುವ ಬಗೆ. ಈ ವಿಷಯದಲ್ಲಿ ನಮ್ಮ ಮಕ್ಕಳು ಪುಣ್ಯವಂತರು. ಸ್ಪ್ಯಾನಿಷಿನ ತ, ದ ನಮ್ಮ ತಕಾರ ದಕಾರಗಳಂತೆ ಹಲ್ಲಿಗೆ ತಾಗುವವು. ಸ್ವರಗಳು ಇಂಗ್ಲಿಷಿನಂತೆ ಜಾರುವುದಿಲ್ಲ. "ಬಂದೆ" ಎಂದರೆ ಸಾಕು, "ನಾನು" ಬೇಡ ಎನ್ನುವುದು ಅಲ್ಲೂ ಉಂಟು. ನೀನು, ನೀವು ಎಂಬಂತೆ ತೂ, ಉಸ್ತೆದ್. ಮನೆಯಲ್ಲಿ ಕನ್ನಡ ಆಡುವ ಮಗುವಿಗೆ ಇದನ್ನೆಲ್ಲ ಹೊಸದಾಗಿ ಹೇಳಬೇಕಾಗಿಲ್ಲ. ಆದ್ದರಿಂದ ಸ್ಪ್ಯಾನಿಷಿಗೆ ಜಾಗ ಮಾಡಲು ಕನ್ನಡ ಬಿಡಿಸಬೇಡಿ. ಆದರೆ ಶಾಲೆಯ ಪುಸ್ತಕದ ಸ್ಪ್ಯಾನಿಷ್ ಮೈದಾನದಲ್ಲಿ ಮುಗ್ಗರಿಸುತ್ತದೆ. ಡೊಮಿನಿಕನ್ನರು ಪದದ ಕೊನೆಯ ಸಕಾರವನ್ನು ನುಂಗುತ್ತಾರೆ. ಔಟ್‌ಫೀಲ್ಡರ್‌ಗೆ ಹಾರ್ದಿನೇರೊ, ಅಂದರೆ ತೋಟಗಾರ, ಎನ್ನುತ್ತಾರೆ. ಹೋಮ್ ರನ್ "ಹೊನ್ರೋನ್" ಆಗುತ್ತದೆ. ಇದು ಬರುವುದು ತಂಡದ ಬೆಂಚಿನ ಮೇಲೆ, ಸೂರ್ಯಕಾಂತಿ ಬೀಜ ಸುಲಿಯುತ್ತ ಕೂತಾಗ.

ನನ್ನ ಮಗ ಕ್ಯಾಚರ್. ಕಳೆದ ಬೇಸಿಗೆಯಲ್ಲಿ ಅವನ ತಂಡದ ಪಿಚರ್, ಮನೆಯಲ್ಲಿ ಸ್ಪ್ಯಾನಿಷ್ ಮಾತ್ರ ಆಡುವ ಹದಿಮೂರರ ಹುಡುಗ, ಐದನೇ ಇನಿಂಗ್ಸ್‌ನಲ್ಲಿ ಗುರಿ ತಪ್ಪಿದ ಎಸೆತಗಳಿಂದ ಸಾಲಾಗಿ ಇಬ್ಬರು ಬ್ಯಾಟರ್‌ಗಳನ್ನು ಬಿಟ್ಟಿ ನಡೆಸಿ ಮೊದಲ ಬೇಸ್‌ಗೆ ಕಳಿಸಿದ. ಮಗ ದಿಬ್ಬಕ್ಕೆ ಓಡಿದ. "ದಣಿದಿದ್ದೀಯಾ?" ಎಂದು ಕೇಳಲು "ಎಸ್ತಾಸ್ ಕಾನ್ಸಾದೊ?" ಎನ್ನಬೇಕಿತ್ತು. ಅವಸರದಲ್ಲಿ ನಕಾರ ಬಿಟ್ಟುಹೋಗಿ "ಎಸ್ತಾಸ್ ಕಾಸಾದೊ?" ಎಂದುಬಿಟ್ಟ: ನಿನಗೆ ಮದುವೆಯಾಗಿದೆಯಾ? ಪಿಚರ್ ಮೊಣಕಾಲು ಹಿಡಿದುಕೊಂಡು ನಕ್ಕ, ಬಂದಿದ್ದ ಶಾರ್ಟ್‌ಸ್ಟಾಪ್ ಕೂಡ ನಕ್ಕ, ಅಂಪೈರ್ ಗದರಿಸಿ ಇಬ್ಬರನ್ನೂ ಜಾಗಕ್ಕೆ ಕಳಿಸಿದರು.

ಮುಂದಿನ ಎಸೆತ ಏನಾಯಿತೆಂದು ಮುಂದಿನ ಸಾಲಿನವರು ಕೇಳುತ್ತಿದ್ದಾರೆ. ಅದೂ ಅಡ್ಡಾದಿಡ್ಡಿಯೇ ಹೋಯಿತು. ಅದರ ನಂತರದ್ದು ಸ್ಟ್ರೈಕ್.